ವರ್ಗಾವಣೆ: ನಾವು ಓದದೆ ಬಿಟ್ಟ ಅರ್ಧ ಪಾಠ

ಜೂನ್ ಬಂತೆಂದರೆ ಕೋಲಾರ ಜಿಲ್ಲೆಯಲ್ಲಿ ಎರಡು ಸುಗ್ಗಿ. ಒಂದು ಶ್ರೀನಿವಾಸಪುರದ ಮಾವಿನ ಮಂಡಿಗಳದು; ಇನ್ನೊಂದು ಸರ್ಕಾರಿ ವರ್ಗಾವಣೆಯದು. ಮಂಡಿಯಲ್ಲಿ ದರವನ್ನು ಕೂಗಿ ಹೇಳುತ್ತಾರೆ, ಇನ್ನೊಂದರಲ್ಲಿ ಪಿಸುಗುಟ್ಟುತ್ತಾರೆ, ಅಷ್ಟೇ ವ್ಯತ್ಯಾಸ ಎಂದು ನಮ್ಮ ಕಡೆ ಕುಹಕವಾಡುವುದುಂಟು. ತಾಲ್ಲೂಕು ಕಚೇರಿಯಿಂದ ಹಿಡಿದು ಸರ್ಕಾರಿ ಆಸ್ಪತ್ರೆಯವರೆಗೆ ಆ ದಿನಗಳಲ್ಲಿ ಕೇಳಿಬರುವುದು ಒಂದೇ ಮಾತು: ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಯಾರು ಯಾರ ಪತ್ರ ತಂದಿದ್ದಾರೆ. ಪೋಡಿಗೋ ಖಾತೆ ಬದಲಾವಣೆಗೋ ಅರ್ಜಿ ಕೊಟ್ಟ ರೈತನಿಗೆ ಮಾತ್ರ ಸಿಗುವ ಉತ್ತರ ಪ್ರತಿವರ್ಷ ಒಂದೇ: ‘ಹೊಸ ಸಾಹೇಬರು ಬರಲಿ.’

ಈ ಮಾತಿನಿಂದ ಬೇಸತ್ತವರು ಇತ್ತೀಚಿನ ವರ್ಷಗಳಲ್ಲಿ ಒಂದು ಪರಿಹಾರವನ್ನು ಸೂಚಿಸುತ್ತಿದ್ದಾರೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೊಂಡಾ ಸಂಸ್ಥೆಯ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದ ಮೇಲೆ ಜಪಾನ್ ನಮ್ಮ ಜಿಲ್ಲೆಗೆ ತೀರ ದೂರದ ದೇಶವಾಗಿ ಉಳಿದಿಲ್ಲ. ‘ಜಪಾನಿನಲ್ಲಿ ಎರಡು–ಮೂರು ವರ್ಷಕ್ಕೊಮ್ಮೆ ಎಲ್ಲರನ್ನೂ ಕಡ್ಡಾಯವಾಗಿ ಬದಲಿಸುತ್ತಾರಂತೆ. ಯಾರೂ ಎದುರಾಡುವುದಿಲ್ಲವಂತೆ. ನಮ್ಮಲ್ಲೂ ಹಾಗೆ ಮಾಡಿದರೆ ಆಡಳಿತ ತಾನಾಗಿ ಸರಿಹೋಗುತ್ತದೆ’ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೇ ನಾನು ಹಲವು ಸಲ ಕೇಳಿದ್ದೇನೆ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಅಧಿಕಾರಿಯಾಗಿದ್ದು, ಹನ್ನೊಂದು ಊರುಗಳಿಗೆ ವರ್ಗವಾಗಿ ನಿವೃತ್ತನಾದ ನನಗೆ ಈ ಮಾತಿನ ಮೊದಲರ್ಧ ನಿಜವೆನಿಸುತ್ತದೆ. ಎರಡನೆಯ ಅರ್ಧದ ಬಗ್ಗೆ ತಕರಾರಿದೆ. ಜಪಾನಿನ ಪಾಠದಲ್ಲಿ ನಮಗೆ ಬೇಕಾದ ಸಾಲುಗಳನ್ನಷ್ಟೇ ಓದಿ ಉಳಿದುದನ್ನು ನಾವು ಬಿಟ್ಟಿದ್ದೇವೆ.

ಅಲ್ಲಿ ನಡೆಯುವುದೇನು? ಎರಡನೆಯ ಮಹಾಯುದ್ಧಾನಂತರದ ದಶಕಗಳಲ್ಲಿ ಜಪಾನಿನ ದೊಡ್ಡ ಕಂಪನಿಗಳು ರೂಢಿಸಿಕೊಂಡ ಪದ್ಧತಿಯಲ್ಲಿ, ಕಾಲೇಜು ಮುಗಿಸಿದ ಯುವಕರನ್ನು ಪ್ರತಿ ಏಪ್ರಿಲ್‌ನಲ್ಲಿ ಒಟ್ಟಾಗಿ ನೇಮಿಸಿಕೊಳ್ಳುತ್ತಾರೆ. ಅವರನ್ನು ತೆಗೆದುಕೊಳ್ಳುವುದು ಇಂಥದೇ ಹುದ್ದೆಗೆಂದಲ್ಲ, ಕಂಪನಿಗೆ. ಹೊಸಬ ಕೆಲವು ವರ್ಷ ಮಾರಾಟ ವಿಭಾಗದಲ್ಲಿರುತ್ತಾನೆ, ಆಮೇಲೆ ಲೆಕ್ಕಪತ್ರಕ್ಕೆ, ಅಲ್ಲಿಂದ ಕಾರ್ಖಾನೆಗೆ, ಮತ್ತೆ ಸಿಬ್ಬಂದಿ ವಿಭಾಗಕ್ಕೆ. ಇಂಥ ಬದಲಾವಣೆಗಳಿಗೆ ಒಟ್ಟಾರೆ ‘ಜಿಂಜಿ ಇದೋ’ ಎಂದು ಹೆಸರು. ಊರು ಬಿಟ್ಟು ಹೋಗಬೇಕಾದ ವರ್ಗಾವಣೆಗೆ ‘ತೆನ್‌ಕಿನ್’ ಎನ್ನುತ್ತಾರೆ. ಹೀಗೆ ಇಪ್ಪತ್ತು ವರ್ಷ ಸುತ್ತಿದವನಿಗೆ ಕಂಪನಿಯ ಮೂಲೆಮೂಲೆಯೂ ಪರಿಚಯವಾಗಿರುತ್ತದೆ. ಮುಂದೆ ಅವನು ಮೇಲಿನ ಸ್ಥಾನದಲ್ಲಿ ಕುಳಿತಾಗ ಯಾವ ವಿಭಾಗವೂ ಅವನ ಕಣ್ಣಿಗೆ ಮಣ್ಣೆರಚಲಾರದು ಎಂಬುದು ಈ ಪದ್ಧತಿಯ ಹಿಂದಿನ ಲೆಕ್ಕಾಚಾರ.

ಆದರೆ ನೌಕರ ಇದಕ್ಕೆ ಒಪ್ಪಿದ್ದು ಸುಮ್ಮನೆ ಅಲ್ಲ. ಕಂಪನಿ ಅವನಿಗೆ ನಿವೃತ್ತಿಯವರೆಗೂ ಕೆಲಸದ ಭರವಸೆ ಕೊಟ್ಟಿತು. ಒಂದು ಕಾರ್ಖಾನೆ ಮುಚ್ಚಿದರೆ ಅಲ್ಲಿಯವರನ್ನು ಮನೆಗೆ ಕಳುಹಿಸುವ ಬದಲು ಇನ್ನೊಂದೆಡೆಗೆ ಕಳುಹಿಸಿತು. ವಯಸ್ಸಿನೊಂದಿಗೆ ಏರುವ ಸಂಬಳ, ಕಂಪನಿಯ ವಸತಿಗೃಹ ಅಥವಾ ಮನೆಬಾಡಿಗೆಯ ನೆರವು ಕೊಟ್ಟಿತು. ‘ನಿನ್ನ ಊರನ್ನು ನನಗೆ ಬಿಟ್ಟುಕೊಡು, ನಿನ್ನ ಅನ್ನವನ್ನು ನಾನು ನೋಡಿಕೊಳ್ಳುತ್ತೇನೆ’ ಎಂಬುದು ಆ ಅಲಿಖಿತ ಕರಾರು. ಇದಕ್ಕೆ ನ್ಯಾಯಾಲಯದ ಮುದ್ರೆಯೂ ಬಿತ್ತು. ತೋಆ ಪೇಂಟ್ ಎಂಬ ಕಂಪನಿಯ ನೌಕರನೊಬ್ಬ ವಯಸ್ಸಾದ ತಾಯಿ, ಉದ್ಯೋಗಸ್ಥೆ ಪತ್ನಿ ಮತ್ತು ಎಳೆಯ ಮಗುವಿನ ಕಾರಣ ನೀಡಿ ನಗೋಯಾಕ್ಕೆ ಹೋಗಲು ನಿರಾಕರಿಸಿ ಕೆಲಸ ಕಳೆದುಕೊಂಡಿದ್ದ. 1986ರ ಜುಲೈನಲ್ಲಿ ಜಪಾನಿನ ಸುಪ್ರೀಂ ಕೋರ್ಟ್, ಆ ವರ್ಗಾವಣೆ ಅಧಿಕಾರದ ದುರುಪಯೋಗವಲ್ಲವೆಂದೂ, ಇಷ್ಟು ತೊಂದರೆ ನೌಕರ ಸಹಿಸಬೇಕಾದ ಮಿತಿಯೊಳಗೇ ಇದೆಯೆಂದೂ ತೀರ್ಪಿತ್ತಿತು.

‘ಯಾರೂ ಎದುರಾಡುವುದಿಲ್ಲವಂತೆ’ ಎನ್ನುವವರು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಆಮೇಲಿನ ಪುಟಗಳು ಬೇರೆಯೇ ಕಥೆ ಹೇಳುತ್ತವೆ. ಮಕ್ಕಳ ಶಾಲೆ, ಹೆಂಡತಿಯ ಕೆಲಸ, ವೃದ್ಧ ತಂದೆತಾಯಿಗಳ ಆರೈಕೆ ಇವುಗಳಿಂದಾಗಿ ಕುಟುಂಬವನ್ನು ಒಂದೆಡೆ ಬಿಟ್ಟು ಗಂಡ ಇನ್ನೊಂದೆಡೆ ಒಂಟಿಯಾಗಿ ಬದುಕುವುದು ಅಲ್ಲಿ ಎಷ್ಟು ಸಾಮಾನ್ಯವಾಯಿತೆಂದರೆ, ಅದಕ್ಕೆ ‘ತಾನ್‌ಶಿನ್ ಫುನಿನ್’ ಎಂಬ ಪ್ರತ್ಯೇಕ ಹೆಸರೇ ಬಂತು. ಕಂಪನಿಗಳು ನೌಕರರಲ್ಲಿ ಎರಡು ದರ್ಜೆ ಮಾಡಿದವು: ಎಲ್ಲಿಗೆ ಕಳುಹಿಸಿದರೂ ಹೋಗುವವರು, ಇದ್ದಲ್ಲೇ ಇರುವವರು. ಬಡ್ತಿಯ ಏಣಿ ಮೊದಲನೆಯವರದು. ಎರಡನೆಯ ದರ್ಜೆಯಲ್ಲಿ ಬಹುಪಾಲು ಮಹಿಳೆಯರೇ ಉಳಿದರು. ವರ್ಗಾವಣೆಯ ದರ್ಜೆಗೆ ಮಾತ್ರ ವಸತಿ ನೆರವು ನೀಡಿ ಮಹಿಳೆಯರನ್ನು ಹೊರಗಿಟ್ಟದ್ದು ಪರೋಕ್ಷ ಲಿಂಗತಾರತಮ್ಯ ಎಂದು ಟೋಕಿಯೊ ಜಿಲ್ಲಾ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಪ್ರಕರಣವೊಂದರಲ್ಲಿ ಹೇಳಿತು.

ಜಪಾನ್ ತನ್ನ ಪದ್ಧತಿಯನ್ನು ತಾನೇ ಸಡಿಲಿಸುತ್ತಿದೆ. ವರ್ಗಾವಣೆ ಮಾಡುವಾಗ ಮಕ್ಕಳ ಹಾಗೂ ಹಿರಿಯರ ಪಾಲನೆಯ ಹೊಣೆಯನ್ನು ಪರಿಗಣಿಸಬೇಕೆಂದು 2001ರಲ್ಲೇ ಕಾನೂನಿಗೆ ತಿದ್ದುಪಡಿಯಾಯಿತು. ಕುರುಕಲು ತಿಂಡಿ ತಯಾರಿಸುವ ಕ್ಯಾಲ್ಬೀ ಕಂಪನಿ, ಕೆಲಸಕ್ಕೆ ಅಡ್ಡಿಯಿಲ್ಲದಿದ್ದರೆ ಒಂಟಿವಾಸದ ವರ್ಗಾವಣೆಯನ್ನು ಕೈಬಿಡುವುದಾಗಿ 2020ರಲ್ಲಿ ಪ್ರಕಟಿಸಿತು. ದೂರವಾಣಿ ಸಂಸ್ಥೆ ಎನ್‌ಟಿಟಿ 2022ರಲ್ಲಿ ಸುಮಾರು 30,000 ಸಿಬ್ಬಂದಿಗೆ ದೇಶದ ಯಾವ ಊರಿನಲ್ಲಾದರೂ ಇದ್ದು ಕೆಲಸ ಮಾಡುವ ಅವಕಾಶ ನೀಡಿತು. 2024ರ ಏಪ್ರಿಲ್‌ನಿಂದ, ಮುಂದೆ ಯಾವ ಊರಿಗೆ, ಯಾವ ಕೆಲಸಕ್ಕೆ ಬದಲಿಸಬಹುದು ಎಂಬುದನ್ನು ನೇಮಕದ ವೇಳೆಯೇ ಬರಹದಲ್ಲಿ ತಿಳಿಸುವುದು ಕಡ್ಡಾಯವಾಗಿದೆ. ಅದೇ ತಿಂಗಳು ಅಲ್ಲಿನ ಸುಪ್ರೀಂ ಕೋರ್ಟ್, ನಿರ್ದಿಷ್ಟ ಕೆಲಸಕ್ಕೆಂದೇ ನೇಮಕಗೊಂಡವರನ್ನು ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಹಾಕುವಂತಿಲ್ಲವೆಂದಿತು. ಆಜೀವ ಉದ್ಯೋಗದ ಭರವಸೆ ಸಡಿಲವಾಗುತ್ತಿದ್ದಂತೆ, ಅದಕ್ಕೆ ಪ್ರತಿಯಾಗಿ ಕೇಳುತ್ತಿದ್ದ ತ್ಯಾಗವೂ ಸಡಿಲವಾಗಬೇಕಾಯಿತು. ಕರಾರಿಗೆ ಎರಡು ಬದಿಗಳಿರುತ್ತವೆ.

ಈಗ ನಮ್ಮ ಜಿಲ್ಲೆಗೆ ಬರೋಣ. ವರ್ಗಾವಣೆಯೇ ಬೇಡ ಎನ್ನುವವನು ನಾನಲ್ಲ. ಬದಲಾವಣೆಯಿಲ್ಲದ ಅಧಿಕಾರ ಏನಾಗುತ್ತದೆಂಬುದನ್ನು ಹಳೆಯ ಮೈಸೂರಿನ ಹಳ್ಳಿಗಳು ಚೆನ್ನಾಗಿ ಬಲ್ಲವು. ಶಾನುಭೋಗಿಕೆ ಮನೆತನದಿಂದ ಮನೆತನಕ್ಕೆ ಇಳಿದುಬರುತ್ತಿದ್ದ ಕಾಲದಲ್ಲಿ ಊರಿನ ಜಮೀನಿನ ಲೆಕ್ಕ ಒಂದೇ ಮನೆಯ ಪೆಟ್ಟಿಗೆಯೊಳಗಿರುತ್ತಿತ್ತು. ಆ ವಂಶಪಾರಂಪರ್ಯವನ್ನು ಕೊನೆಗಾಣಿಸಲು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯೇ ಬೇಕಾಯಿತು. ಆಯಕಟ್ಟಿನ ಹುದ್ದೆಗಳಲ್ಲಿರುವವರನ್ನು ಎರಡು–ಮೂರು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಕೇಂದ್ರ ಜಾಗೃತ ಆಯೋಗ ಹೇಳುವುದರ ಹಿಂದೆಯೂ ಇದೇ ಅನುಭವವಿದೆ.

ಆದರೆ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಜಪಾನಿನ ಬ್ಯಾಂಕುಗಳೂ ಅವ್ಯವಹಾರದ ಭಯದಿಂದ ಸಿಬ್ಬಂದಿಯನ್ನು ಬದಲಿಸುವುದುಂಟು. ಆದರೂ ಒಟ್ಟು ಪದ್ಧತಿಯ ಮುಖ್ಯ ಉದ್ದೇಶ ಕಲಿಕೆ. ನಮ್ಮ ವರ್ಗಾವಣೆಯ ಮೂಲದಲ್ಲಿರುವುದು ಅನುಮಾನ. ಕಳ್ಳತನ ತಡೆಯುವುದಷ್ಟೇ ಗುರಿಯಾದರೆ ಅದಕ್ಕೆ ಅಗ್ಗದ ಉಪಾಯಗಳಿವೆ. ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರ ಸುತ್ತೋಲೆಯಲ್ಲಿ ಸೂಚಿಸಿದೆ. ಆ ಹತ್ತು ದಿನ ಅವರ ಕುರ್ಚಿಯಲ್ಲಿ ಬೇರೊಬ್ಬರು ಕುಳಿತರೆ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಅದಕ್ಕಾಗಿ ಒಂದು ಸಂಸಾರವನ್ನೇ ಲಾರಿಗೆ ಹೇರಬೇಕಾಗಿಲ್ಲ.

ಅನುಮಾನದಿಂದ ಹುಟ್ಟಿದ ವರ್ಗಾವಣೆ ಬಹುಬೇಗ ದಂಡನೆಯ ರೂಪ ತಾಳುತ್ತದೆ. ನಮ್ಮ ಆಡುಮಾತಿನ ‘ಎತ್ತಂಗಡಿ’ ಎಂಬ ಪದದಲ್ಲೇ ಆ ಧ್ವನಿಯಿದೆ. ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ 2025ರ ಏಪ್ರಿಲ್‌ನಲ್ಲಿ ನಿವೃತ್ತರಾಗುವ ವೇಳೆಗೆ ಐವತ್ತಕ್ಕೂ ಹೆಚ್ಚು ಬಾರಿ ವರ್ಗವಾಗಿದ್ದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಡಿ.ಕೆ. ರವಿ ಅವರು ಕೋಲಾರದ ಜಿಲ್ಲಾಧಿಕಾರಿಯಾದದ್ದು 2013ರ ಆಗಸ್ಟ್‌ನಲ್ಲಿ. ಅದೇ ವರ್ಷದ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಅಧಿಕಾರಿಗಳಿಗೆ ಕನಿಷ್ಠ ಅವಧಿ ನಿಗದಿಪಡಿಸಲು, ವರ್ಗಾವಣೆಗೆ ನಾಗರಿಕ ಸೇವಾ ಮಂಡಳಿ ರಚಿಸಲು ಆದೇಶಿಸಿತು. 2014ರ ಜನವರಿಯಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ ಎರಡು ವರ್ಷದ ಕನಿಷ್ಠ ಅವಧಿ ಬಂತು. ಅದಕ್ಕೂ ಮುನ್ನ ವರ್ಗ ಮಾಡಲು ಮಂಡಳಿಯ ಶಿಫಾರಸಿನ ದಾರಿಯನ್ನೂ ಅದರಲ್ಲೇ ಬಿಡಲಾಯಿತು. ರವಿ ಅವರ ವರ್ಗಾವಣೆಯಾದದ್ದು 2014ರ ಅಕ್ಟೋಬರ್‌ನಲ್ಲಿ. ಕಂದಾಯ ಅದಾಲತ್, ಪಿಂಚಣಿ ಅದಾಲತ್‌ಗಳಲ್ಲಿ ಅವರನ್ನು ಕಂಡಿದ್ದ ಜನ ಬೀದಿಗಿಳಿದು ಪ್ರತಿಭಟಿಸಿದರು. 2015ರ ಮಾರ್ಚ್‌ನಲ್ಲಿ ಅವರು ತೀರಿಕೊಂಡದ್ದು ಬೇರೆಯೇ ದುಃಖ. ಅದನ್ನು ಈ ಚರ್ಚೆಗೆ ಎಳೆಯುವುದು ಸರಿಯಲ್ಲ. ನಾನು ಕೇಳುವುದು ಇಷ್ಟೇ: ಹದಿನಾಲ್ಕು ತಿಂಗಳಲ್ಲಿ ಒಬ್ಬ ಜಿಲ್ಲಾಧಿಕಾರಿಗೆ ಈ ಜಿಲ್ಲೆಯ ಎಷ್ಟು ಕೆರೆಗಳ ಹೆಸರು ಬಾಯಿಗೆ ಬಂದೀತು?

ಈ ಪ್ರಶ್ನೆ ಅಲಂಕಾರಕ್ಕಲ್ಲ. ಜೀವನದಿಯಿಲ್ಲದ ನಮ್ಮ ಜಿಲ್ಲೆಯ ಬದುಕು ಕೆರೆಗಳ ಸರಣಿಯ ಮೇಲೆ ನಿಂತಿದೆ. ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಯಾವ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ, ಯಾವ ರಾಜಕಾಲುವೆ ಒತ್ತುವರಿಯಾಗಿದೆ, ಯಾವ ಊರಿನ ತೂಬಿನ ಬಗ್ಗೆ ಹಳೆಯ ಜಗಳವಿದೆ ಎಂಬುದು ಕಡತದಲ್ಲಿ ಸಿಗುವ ಜ್ಞಾನವಲ್ಲ. ಒಬ್ಬ ಎಂಜಿನಿಯರ್ ಎರಡು ಮಳೆಗಾಲ ಕೆರೆಯ ಏರಿಯ ಮೇಲೆ ನಡೆದ ಮೇಲಷ್ಟೇ ಅದು ತಿಳಿಯುತ್ತದೆ. ತಿಳಿಯುವ ಹೊತ್ತಿಗೆ ಅವರಿಗೆ ಎತ್ತಂಗಡಿ.

ಗಡಿಯ ಶಾಲೆಗಳ ಪಾಡು ಇದಕ್ಕಿಂತ ಕಷ್ಟದ್ದು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು, ಮುಳಬಾಗಿಲು ತಾಲ್ಲೂಕಿನ ನಂಗಲಿ ಇವುಗಳ ಆಚೆ ಆಂಧ್ರ. ಈ ಭಾಗದ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ದೂರದ ಜಿಲ್ಲೆಯಿಂದ ಬಂದ ಮೇಷ್ಟರಿಗೆ ಮಕ್ಕಳ ಮಾತು ಕಿವಿಗೆ ಹತ್ತಲು ಒಂದು ವರ್ಷ ಬೇಕು; ಮಕ್ಕಳಿಗೆ ಅವರ ಸಲುಗೆ ಹತ್ತಲು ಇನ್ನೊಂದು. ಶಿಕ್ಷಕರ ವರ್ಗಾವಣೆಯಲ್ಲಿ ಶಿಫಾರಸಿನ ಹಾವಳಿ ತಪ್ಪಿಸಲೆಂದೇ ಕರ್ನಾಟಕ 2007ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು, 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ಎ, ಬಿ, ಸಿ ವಲಯಗಳು, ಕೌನ್ಸೆಲಿಂಗ್, ಪತಿ–ಪತ್ನಿ ಪ್ರಕರಣ, ಅನಾರೋಗ್ಯ, ಅಂಗವಿಕಲತೆ ಇವುಗಳಿಗೆ ಆದ್ಯತೆ ಅಥವಾ ವಿನಾಯಿತಿ ಎಲ್ಲವೂ ಬಂದವು. ಪಟ್ಟಿ ಎಲ್ಲರ ಕಣ್ಣೆದುರು ಬರುವ ಈ ಪದ್ಧತಿ ಹಳೆಯ ಕಾಲಕ್ಕಿಂತ ಎಷ್ಟೋ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಗಡಿಯ ಹಳ್ಳಿಗೆ ಬಂದವರಿಗೆ ಅಲ್ಲಿ ಉಳಿಯಲು ಇರುವ ಪ್ರೇರಣೆಯೇನು? ವಾಸಕ್ಕೆ ಯೋಗ್ಯ ಮನೆಯಿಲ್ಲ, ತಮ್ಮ ಮಕ್ಕಳಿಗೆ ಹೈಸ್ಕೂಲು ದೂರ, ಊರಿಗೆ ಹೋಗಲು ಎರಡು ಬಸ್ಸು ಬದಲಿಸಬೇಕು. ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ಹೋದರೆ ಜ್ಯೇಷ್ಠತೆ ಕಳೆದುಕೊಳ್ಳಬೇಕು. ಹೀಗಾಗಿ ಬಂದ ದಿನದಿಂದಲೇ ಹೊರಡುವ ದಿನದ ಎಣಿಕೆ ಶುರುವಾಗುತ್ತದೆ. ಕಾಯ್ದೆಯು ಕಳುಹಿಸುವ ಕ್ರಮವನ್ನು ಸರಿಪಡಿಸಿತು. ಹೋದಲ್ಲಿ ಉಳಿಸುವ ಕ್ರಮ ಇನ್ನೂ ಬಂದಿಲ್ಲ.

ಜಪಾನಿನ ಒಂಟಿವಾಸಕ್ಕೆ ನಮ್ಮಲ್ಲಿ ಬೇರೆಯದೇ ರೂಪವಿದೆ. ಕೋಲಾರಕ್ಕೂ ಬೆಂಗಳೂರಿಗೂ ಸುಮಾರು 70 ಕಿಲೋಮೀಟರ್. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಸಾವಿರಾರು ಜನ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಮಾಲೂರು ನಿಲ್ದಾಣದಲ್ಲಿ ಬೆಳಿಗ್ಗೆ ನಿಂತು ನೋಡಿದರೆ ಒಂದು ದಿಕ್ಕಿಗೆ ಹೊಟ್ಟೆಪಾಡಿನವರು ಹೋಗುವುದೂ ಎದುರು ದಿಕ್ಕಿನಿಂದ ಕಚೇರಿ, ಬ್ಯಾಂಕು, ಶಾಲೆಗಳ ಸಿಬ್ಬಂದಿ ಬಂದಿಳಿಯುವುದೂ ಕಾಣುತ್ತದೆ. ಕೇಂದ್ರಸ್ಥಾನದಲ್ಲೇ ವಾಸವಿರಬೇಕೆಂಬ ನಿಯಮ ಕಾಗದದಲ್ಲಿದೆ. ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೊರಡುವ ಅಧಿಕಾರಿಯನ್ನು ನೋಡಲು ಮುಳಬಾಗಿಲಿನ ಹಳ್ಳಿಯ ಮುದುಕಿಯೊಬ್ಬಳು ಕೂಲಿ ಬಿಟ್ಟು ಎರಡು ದಿನ ಅಲೆಯಬೇಕಾಗುತ್ತದೆ. ಅಧಿಕಾರಿಯನ್ನು ಬೈದು ಫಲವಿಲ್ಲ. ಅವರ ಹೆಂಡತಿ ಬೆಂಗಳೂರಿನಲ್ಲಿ ಕೆಲಸದಲ್ಲಿರಬಹುದು, ಮಗಳು ಪಿಯುಸಿಯಲ್ಲಿರಬಹುದು. ಇಲ್ಲಿ ಎಷ್ಟು ದಿನ ಇರುತ್ತೇನೆಂಬುದೇ ಗೊತ್ತಿಲ್ಲದವರು ಮನೆ ಮಾಡುವುದಾದರೂ ಹೇಗೆ?

ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಹನ್ನೊಂದು ಊರುಗಳಲ್ಲಿ ನನಗೆ ಕೆಲಸ ಕಲಿಸಿದ್ದು ಅವಧಿ ಪೂರ್ಣಗೊಳಿಸಿದ ಏಳು. ಮಾವಿನ ಫಸಲಿಗೆ ಸಾಲ ಯಾವಾಗ ಕೊಡಬೇಕು, ರೇಷ್ಮೆಗೂಡಿನ ಬೆಲೆ ಬಿದ್ದಾಗ ಯಾರಿಗೆ ಕಾಲಾವಕಾಶ ಕೊಡಬೇಕು ಎಂಬುದನ್ನು ನಾನು ಕಲಿತದ್ದು ಒಂದೇ ಕಡೆ ಮೂರು ವರ್ಷ ಕುಳಿತಾಗ. ಶಾಲೆಯ ಅರ್ಧವರ್ಷದಲ್ಲಿ ಬಂದ ಆದೇಶಗಳಿಂದ ನನ್ನ ಮಗ ನಾಲ್ಕು ವರ್ಷಗಳಲ್ಲಿ ಮೂರು ಶಾಲೆ, ಎರಡು ಭಾಷೆಗಳನ್ನು ಬದಲಿಸಬೇಕಾಯಿತು. ಪಿಂಚಣಿಯ ಭದ್ರತೆಯಿತ್ತು, ಬ್ಯಾಂಕಿನ ಮನೆಯಿತ್ತು, ಆದ್ದರಿಂದ ಸಹಿಸಿದೆವು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನೋ ಸಿಕ್ಕಿತೆಂಬ ಸಮಾಧಾನವಾದರೂ ನಮಗಿತ್ತು. ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ಸುತ್ತಿದವರು. ಆ ಸುತ್ತಾಟದಲ್ಲಿ ಕಂಡ ಜನ ಅವರ ಕಥೆಗಳಿಗೆ ಬಂದದ್ದು ಕನ್ನಡಿಗರ ಭಾಗ್ಯ. ಹೊಸ ಊರು ಮನುಷ್ಯನನ್ನು ಬೆಳೆಸಬಲ್ಲದು, ಅಲ್ಲಿ ಬೇರೂರುವಷ್ಟು ಸಮಯ ಸಿಕ್ಕರೆ.

ಕರಾರಿನ ಇನ್ನೊಂದು ಬದಿ ಸಂಪೂರ್ಣ ಮರೆಯಾಗಿರುವುದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ. ಶ್ರೀನಿವಾಸಪುರ, ಮುಳಬಾಗಿಲಿನ ಹಳ್ಳಿಗಳ ಐಟಿಐ, ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಕಂಪನಿ ಬಸ್ಸು ಹತ್ತಿ ನರಸಾಪುರ, ವೇಮಗಲ್, ಮಾಲೂರುಗಳಿಗೆ ಹೋಗುತ್ತಾರೆ. ಜಪಾನಿನ ಕಾರ್ಖಾನೆ ಪದ್ಧತಿಯ ಹೆಗ್ಗಳಿಕೆಯೆಂದರೆ ಒಬ್ಬ ಕಾರ್ಮಿಕನಿಗೆ ಹಲವು ಯಂತ್ರಗಳ ಕೆಲಸ ಕಲಿಸಿ ಅವನನ್ನು ಪರಿಣತನನ್ನಾಗಿಸುವುದು. ಏಜೆನ್ಸಿಯ ಮೂಲಕ ಕೆಲವು ತಿಂಗಳಿಗೆ ಬಂದುಹೋಗುವ ಗುತ್ತಿಗೆ ಕಾರ್ಮಿಕನಿಗೆ ಅಂಥ ಕಲಿಕೆಯಲ್ಲಿ ಯಾರು ಬಂಡವಾಳ ಹೂಡುತ್ತಾರೆ? ಅವನೂ ಊರೂರು ಬದಲಾಗುತ್ತಾನೆ. ಆದರೆ ಅದು ವರ್ಗಾವಣೆಯಲ್ಲ. ಪ್ರತಿ ಸಲವೂ ಮೊದಲಿನಿಂದ ಆರಂಭ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂದಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅಲ್ಲಿನ ಸುಮಾರು ಹತ್ತು ಸಾವಿರ ಕೆಲಸಗಾರರಲ್ಲಿ ಬಹುಪಾಲು ಗುತ್ತಿಗೆಯವರಾಗಿದ್ದರು, ಸಂಬಳದ ಲೆಕ್ಕದಲ್ಲಿ ಲೋಪಗಳಿದ್ದವು ಎಂಬುದು ಆಮೇಲೆ ಬಯಲಾಯಿತು. ಆ ತೈವಾನ್ ಕಂಪನಿಯ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಒಡೆತನ ಬದಲಾದ ಮಾತ್ರಕ್ಕೆ ಗುತ್ತಿಗೆ ದುಡಿಮೆಯ ಪ್ರಶ್ನೆ ಜಿಲ್ಲೆಯನ್ನು ಬಿಟ್ಟುಹೋಗಿಲ್ಲ. ಕಂಪನಿಗಳಿಂದ ಜಪಾನಿನ ಶಿಸ್ತನ್ನು ಬಯಸುವ ನಾವು, ಆ ಶಿಸ್ತಿಗೆ ಅಲ್ಲಿ ತೆತ್ತ ಬೆಲೆಯನ್ನೂ ಕೇಳಬೇಕಲ್ಲವೆ?

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕ್ರಾಂತಿಯೇನೂ ಬೇಡ. ಮೊದಲನೆಯದಾಗಿ, ತಹಶೀಲ್ದಾರ್, ಕೆರೆಗಳ ಹೊಣೆ ಹೊತ್ತ ಎಂಜಿನಿಯರ್, ತಾಲ್ಲೂಕು ವೈದ್ಯಾಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿ ಇವರ ಅವಧಿ ನೇಮಕದ ಆದೇಶದಲ್ಲೇ ನಮೂದಾಗಲಿ. ಅವಧಿಗೆ ಮುನ್ನ ಕದಲಿಸಿದರೆ ಕಾರಣವನ್ನು ಬರೆದು ಕಚೇರಿಯ ಫಲಕದಲ್ಲಿ ಹಚ್ಚಲಿ. ಎರಡನೆಯದಾಗಿ, ಆದೇಶಗಳು ಶಾಲೆ ತೆರೆಯುವ ಮೊದಲೇ, ಏಪ್ರಿಲ್‌ನಲ್ಲೇ ಬರಲಿ. ಮೂರನೆಯದಾಗಿ, ರಾಯಲ್ಪಾಡು, ನಂಗಲಿಗಳಂಥ ಕಡೆ ಮೂರು ವರ್ಷ ಪೂರೈಸಿದ ಶಿಕ್ಷಕರಿಗೆ ಮುಂದಿನ ಸ್ಥಳವನ್ನು ಆರಿಸಿಕೊಳ್ಳುವ ಮೊದಲ ಹಕ್ಕು ಸಿಗಲಿ, ಹೋಬಳಿಗೊಂದಾದರೂ ವಾಸಯೋಗ್ಯ ವಸತಿಗೃಹ ಸಮುಚ್ಚಯವಿರಲಿ. ನಾಲ್ಕನೆಯದಾಗಿ, ಹೊರಡುವವರು ಬರುವವರ ಜೊತೆ ಒಂದು ವಾರ ಒಟ್ಟಿಗೆ ಕೆಲಸ ಮಾಡಲಿ. ಬೀಗದ ಕೈ, ದಾಸ್ತಾನು ಪಟ್ಟಿಗೆ ಸಹಿ ಹಾಕುವುದಷ್ಟೇ ಹಸ್ತಾಂತರವಲ್ಲ. ಕೆರೆಯ ಏರಿಯ ಮೇಲೆ ಇಬ್ಬರೂ ಒಮ್ಮೆ ನಡೆಯಬೇಕು. ಐದನೆಯದಾಗಿ, ಕಾರ್ಖಾನೆಗಳಲ್ಲಿ ಗುತ್ತಿಗೆ ಕಾರ್ಮಿಕರು ಕಲಿತ ಕೆಲಸಕ್ಕೆ, ಮುಂದಿನ ಕಂಪನಿಯೂ ಮಾನ್ಯ ಮಾಡುವ ಪ್ರಮಾಣಪತ್ರ ಕೊಡುವ ಹೊಣೆ ಕಂಪನಿಯದಾಗಲಿ.

ಇದಕ್ಕೆಲ್ಲ ಹಣ ಬೇಕು ಎಂಬ ಆಕ್ಷೇಪ ಬರುತ್ತದೆ. ಬೇಕು, ನಿಜ. ಆದರೆ ಹೊಸ ಸಾಹೇಬರಿಗಾಗಿ ಕಾಯುತ್ತ ಧೂಳು ಹಿಡಿಯುವ ಅರ್ಜಿಗಳಿಗೆ, ಮೇಷ್ಟರಿಲ್ಲದ ತರಗತಿಗಳಿಗೆ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಳೆದುಹೋದ ಕೂಲಿಯ ದಿನಗಳಿಗೆ ಈಗಲೂ ನಾವು ಬೆಲೆ ತೆರುತ್ತಲೇ ಇದ್ದೇವೆ. ಅದು ಯಾವ ಆಯವ್ಯಯದಲ್ಲೂ ಕಾಣುವುದಿಲ್ಲ, ಅಷ್ಟೇ. ವರ್ಗಾವಣೆಯನ್ನು ಕಡ್ಡಾಯ ಮಾಡುವ ಅಧಿಕಾರ ಸರ್ಕಾರಕ್ಕೂ ಕಂಪನಿಗೂ ಇರಲಿ. ಅದಕ್ಕೆ ಪ್ರತಿಯಾಗಿ ಕೊಡಬೇಕಾದದ್ದನ್ನೂ ಅಷ್ಟೇ ಕಡ್ಡಾಯ ಮಾಡದ ಹೊರತು, ಜಪಾನಿನ ಹೆಸರು ಹೇಳಿಕೊಂಡು ನಾವು ಪಡೆಯುವುದು ಇನ್ನಷ್ಟು ಎತ್ತಂಗಡಿಗಳನ್ನು ಮಾತ್ರ.